ಹಿಟ್ಲರನಿಗೆ ಆಯಾರ

ಥೂ! ಈಗ ನೆನೆಸಿಕೊಂಡರೂ ಉಗಿಯಬೇಕೆನಿಸುತ್ತದೆ.

ನನ್ನ ಮೈದುನ ಅನೂಪನಿಗೆ ಸಿನೆಮಾದ ಹುಚ್ಚು. ಹಿಟ್ಲರನ ಮೇಲೆ ಕಿರುಚಿತ್ರ ತೆಗೆಯುತ್ತೇನೆಂದು ಹೊರಟು, ಆ ಮನುಷ್ಯನ ಮೇಲೆ ಬಂದ ಸಿನೆಮಾಗಳನ್ನೆಲ್ಲ ಹುಡುಕಿ ನಮ್ಮ ಆಳಂದದ ಮನೆಯ ಟಿವಿಯಲ್ಲಿ ಹಾಕಿಕೊಂಡು ಕೂತ. ಅಫಜಲಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನಾನೂ ನೋಡಿದೆ. ಒಬ್ಬ ನಿರ್ದೇಶಕ ಹಿಟ್ಲರನನ್ನು ಕೋಡಂಗಿ ಮಾಡಿದ್ದ. ಇನ್ನೊಬ್ಬ ಕೈ ನಡುಗುವ ಮುದುಕನನ್ನಾಗಿ ಮಾಡಿ ಅಳಿಸಿದ್ದ. ಮತ್ತೊಬ್ಬನ ಹಿಟ್ಲರ್ ನಾಯಿಯ ತಲೆ ಸವರುತ್ತ ಸಂಗೀತ ಕೇಳುತ್ತಿದ್ದ. ನಾನು ನೋಡಿದ ಯಾವುದರಲ್ಲೂ ಕ್ಯಾಮೆರಾ ಅವನ ಮುಖ ಬಿಟ್ಟು ಅಲುಗಲಿಲ್ಲ. ಕೊಲೆಯಾದವರು ಹಿಂದೆಲ್ಲೋ ಸಾಲಾಗಿ ನಡೆದು ಹೋಗುತ್ತಿದ್ದರು.

ಆದ್ದರಿಂದಲೇ ಅನೂಪ ತನ್ನ ಚಿತ್ರದ ಒಂದು ಪಾತ್ರಕ್ಕೆ ನನ್ನ ಮಗಳು ಪ್ರಾಚಿಯನ್ನು ಕೇಳಿದಾಗ ಕರಾರು ಹಾಕಿದೆ. ಅವಳದು, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ ಕೊಲ್ಲುವ ಯಹೂದಿ ಹುಡುಗಿಯ ಪಾತ್ರ.

"ಆ ಹುಡುಗಿ ಮುಖದ ಮ್ಯಾಲೇ ಸಿನೆಮಾ ಮುಗೀಬೇಕು ನೋಡಪಾ."

"ನಿಮ್ಮಾಣಿ ವೈನಿ, ಅಲ್ಲೇ ಮುಗಸ್ತೇನಿ," ಎಂದ.

ನರೋಣಾದ ಒಂದು ಗೋದಾಮಿನಲ್ಲಿ ಶೂಟಿಂಗ್ ಆಯಿತು. ಪ್ರಾಚಿಗೆ ಇದ್ದದ್ದು ಒಂದೇ ಮಾತು: "ಅವ್ವಾ, ಬಾಗಲಾ ಯಾವಾಗ ತಗೀತಾರ?" ಸ್ನಾನ ಮಾಡುವಾಗ, ಉಣ್ಣುವಾಗ, ಶಾಲೆಯ ಬಸ್ಸಿನಲ್ಲಿ ಅದನ್ನೇ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಕ್ಯಾಮೆರಾದ ಮುಂದೆ ಹೇಳಿದ ದಿನ ನಾನು ತಡೆಯಲಾರದೆ ಹೊರಗೆ ಹೋಗಿ ಅತ್ತುಬಿಟ್ಟೆ.

ಆಳಂದದ ಒಂದು ಮಂಗಲ ಕಾರ್ಯಾಲಯದಲ್ಲಿ ಪ್ರದರ್ಶನ. ನಮ್ಮತ್ತೆ ಸರಸ್ವತಿಬಾಯಿ ಮೊಮ್ಮಗಳಿಗೆಂದು ಹಾರ, ಶಾಲು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ನಮ್ಮ ಕಡೆ ನಾಟಕ ನಡೆದಾಗ ನಡುವೆಯೇ ಆಟ ನಿಲ್ಲಿಸಿ, ಮೈಕಿನಲ್ಲಿ ಹೆಸರು ಕೂಗಿ, ಮೆಚ್ಚಿದ ಪಾತ್ರಧಾರಿಗೆ ಹಾರ, ಶಾಲು ಹಾಕಿ ಆಯಾರ ಮಾಡುತ್ತಾರೆ. ಅನೂಪ ಸಿನೆಮಾಕ್ಕೂ ಆ ಪದ್ಧತಿ ಇಟ್ಟಿದ್ದ.

ಹಿಟ್ಲರ್ ಆದವನು ಜೇವರ್ಗಿಯ ಸುಶಾಂತ. ಪರದೆಯ ಮೇಲೆ ಅವನ ಬೂಟು ಕಂಡಿದ್ದೇ ತಡ, ಡೋಲು, ನಗಾರಿ, ಸಿಳ್ಳೆ! ಸಿನೆಮಾ ನಿಂತಿತು, ಲೈಟು ಹತ್ತಿತು. "ಸುಶಾಂತನ ಹಿಟ್ಲರ್ ಪಾತ್ರ ಮೆಚ್ಚಿ ಅವರ ಸೋದರಮಾವನವರು ಆಯಾರ ಮಾಡಾಕತ್ತಾರ!" ಅದೇ ಮೀಸೆ, ಅದೇ ಕೋಟಿನಲ್ಲಿ ಬಂದಿದ್ದ ಸುಶಾಂತ ಶಾಲು ಹೊದ್ದು, ಬಲಗೈ ಮುಂದೆ ಚಾಚಿ ನಾಜಿ ಸೆಲ್ಯೂಟ್ ಹೊಡೆದ. ಕೂತ ಜನರೂ ನಗುತ್ತ ಕೈ ಚಾಚಿದರು. ನನ್ನ ಪಕ್ಕದಲ್ಲಿದ್ದ ನಮ್ಮೂರ ಡಾಕ್ಟರರೂ ಚಾಚಿದರು. ಇವರಿಗೆ ನಾಚಿಕೆ ಅನ್ನುವುದು ಸಂತೆಯಲ್ಲಾದರೂ ಸಿಗುವುದಿಲ್ಲವೇ?

ಸಿನೆಮಾ ಮುಂದುವರಿದು, ಹಿಟ್ಲರ್ ಒಂಟಿಯಾಗಿ ಕೂತು ಕಣ್ಣೀರು ಸುರಿಸುವಲ್ಲಿ ಮುಗಿಯಿತು. ಪರದೆಯ ಮೇಲೆ ಪ್ರಾಚಿ ಬರಲೇ ಇಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಭಾಳ ಅತ್ತ ನೋಡು. ಅಲ್ಲಾ ಅನುರಾಧಾ, ನಮ್ಮ ಪ್ರಾಚಿ ಎಲ್ಲಿ ಬಂದ್ಲು? ನನಗ ಕಾಣ್ಲೇ ಇಲ್ಲ."

ನಾನು ಅನೂಪನ ತೋಳು ಹಿಡಿದು ಜಗ್ಗಿದೆ.

"ಕಟ್ ಮಾಡೇನ್ರಿ ವೈನಿ. ಆ ಸೀನ್ ಬಂದ್ರ ಮೂಡ್ ಹಾಳಾಗ್ತದ, ಜನಾ ಎದ್ದು ಹೋಗ್ತಾರ."

"ಹಾಳಾಗ್ಲಿ ಅಂತನೇ ಇಟ್ಟಿದ್ವಲ್ಲೋ! ಬಾಯಾಗ ಆಣಿ, ಕೈಯಾಗ ಕತ್ತರಿ. ಕೊಂದಾವಗ ಹಾರ, ಸತ್ತವರಿಗೆ ಕತ್ತರಿ. ಹೇಸಿಗಿ ಬರೂದಿಲ್ಲೇನು ನಿನಗ?"

ಅಷ್ಟರಲ್ಲಿ ಮೈಕು ಕೂಗಿತು: "ನಿರ್ದೇಶಕರ ತಾಯಿಯವರಿಂದ ಹಿಟ್ಲರಗ ಆಯಾರ!" ಅತ್ತೆ ಚೀಲ ಹಿಡಿದು ಎದ್ದೇಬಿಟ್ಟರು. "ತಂದ ಆಯಾರ ತಿರುಗಿ ಮನಿಗೆ ಒಯ್ಯಬಾರ್ದವಾ," ಎಂದರು. ನಾನು ಚೀಲ ಕಸಿದುಕೊಂಡು ವೇದಿಕೆ ಹತ್ತಿ, ಮೈಕು ಹಿಡಿದೆ.

"ಈ ಆಯಾರ ಸತ್ತ ಹುಡುಗಿಗೆ! ಪ್ರಾಚಿ, ಮ್ಯಾಲ ಬಾ."

"ಯಾವ ಹುಡುಗಿ?" ಎಂದು ಯಾರೋ ಕೇಳಿದರು. ಸುಶಾಂತ ಮೀಸೆ ಮುಟ್ಟಿಕೊಳ್ಳುತ್ತ ಪೆಚ್ಚಾಗಿ ನಿಂತ. ಮುಂದಿನ ಸಾಲಿನಲ್ಲಿ ಪ್ರಾಚಿ ತಲೆ ತಗ್ಗಿಸಿ ಕೂತೇ ಇದ್ದಳು. ನಾನೇ ಇಳಿದು ಹೋಗಿ ಹಾರ ಹಾಕಲು ಬಗ್ಗಿದೆ. ಅವಳು ಎರಡೂ ಕೈಯಿಂದ ನನ್ನ ಕೈ ತಡೆದಳು.

"ಈಗ ಬ್ಯಾಡ ಮಮ್ಮಿ, ಎಲ್ಲಾರೂ ನೋಡಾಕತ್ತಾರ. ಮುಂದಿನ ಸಲ ನಾ ಹಿಟ್ಲರ್ ಆಗ್ತೇನಿ. ಆವಾಗ ಹಾಕು."