ಬಡಗಣ ಅಗಸಿಯ ಅಗುಳಿ

ಹೊಳೆ, ಗುಡ್ಡ, ರೇಷ್ಮೆ ಯಾವುದಕ್ಕೂ ಕೊರತೆಯಿಲ್ಲದ ಒಂದು ದೊಡ್ಡ ಊರಿತ್ತು. ಹೆಸರು ಬೇಡ, ಹೇಳಿದರೆ ಇನ್ನೊಬ್ಬ ವ್ಯಾಪಾರಿ ಹುಡುಕಿಕೊಂಡು ಹೊರಟಾನು. ಊರ ಸುತ್ತ ಕೋಟೆ, ಕೋಟೆಗೆ ನಾಲ್ಕು ದಿಕ್ಕಿಗೆ ನಾಲ್ಕು ಅಗಸಿ, ಅಂದರೆ ಹೆಬ್ಬಾಗಿಲು. ಆ ಊರಿಗೊಂದು ಹಳೆಯ ರೂಢಿ: ಯಾರೇ ಕಾಣಿಕೆ ತಂದರೂ ಅದಕ್ಕಿಂತ ದೊಡ್ಡದನ್ನು ಮರುಕಾಣಿಕೆಯಾಗಿ ಕೊಡಬೇಕು. ಇಲ್ಲದಿದ್ದರೆ ಊರ ದೇಸಾಯಿಯ ಮಾನ ಹೋದಂತೆ.

ಮೊದಲನೆಯ ಪರದೇಶಿ ವ್ಯಾಪಾರಿ ಗೋಡೆ ಗಡಿಯಾರ ತಂದ. ಅದಕ್ಕಿಂತ ದೊಡ್ಡದೇನೆಂದು ಯೋಚಿಸಿ ದೇಸಾಯಿಯವರು ಮೂಡಣ ಅಗಸಿಯನ್ನೇ ಅವನ ವಶಕ್ಕೆ ಕೊಟ್ಟರು. ಎರಡನೆಯವನು ಆಳೆತ್ತರದ ಕನ್ನಡಿ ತಂದು ತೆಂಕಣ ಅಗಸಿ ಪಡೆದ. ಮೂರನೆಯವನು ಏನೂ ತರಲಿಲ್ಲ. ತೋಪು ಹಾರಿಸಿ ಕೋಟೆಯ ಮೂಲೆ ಕೆಡವಿದ. ದೇಸಾಯಿಯವರು ನಡುಗುತ್ತಲೇ ಅದನ್ನೂ ಕಾಣಿಕೆಯೆಂದು ಬರೆಸಿದರು: "ಬಾಣಬಿರುಸಿನ ಸೇವೆ." ಪಡುವಣ ಅಗಸಿ ಅವನ ಪಾಲಾಯಿತು.

ಉಳಿದದ್ದು ಬಡಗಣ ಅಗಸಿ. ಅದರ ಅಗುಳಿಯನ್ನು ಹಾಕಿ ತೆಗೆಯುವವಳು ಗಿರಿಮಲ್ಲವ್ವ, ಐವತ್ತು ದಾಟಿದ ಗಟ್ಟಿ ಹೆಂಗಸು. ಮೂವರು ವ್ಯಾಪಾರಿಗಳೂ ತಮ್ಮ ತಮ್ಮ ಅಗಸಿಯಲ್ಲಿ ತಮ್ಮ ಸರಕನ್ನಷ್ಟೇ ಒಳಗೆ ಬಿಡುತ್ತಿದ್ದರು. ಊರವರೇ ಹೋಗಿ ಬರಲು ಅವರ ಅಪ್ಪಣೆ ಕೇಳಬೇಕಿತ್ತು. ನೇಕಾರರು ತಮಗೆ ಬೇಕಾದವರಿಗೆ ರೇಷ್ಮೆ ಮಾರಲು ಉಳಿದದ್ದು ಗಿರಿಮಲ್ಲವ್ವನ ಬಾಗಿಲೊಂದೇ. "ಇದೊಂದು ಹೋತಂದ್ರ ನಮ್ಮೂರಾಗ ನಾವs ಬಾಡಿಗಿ ಇದ್ದಂಗ," ಎನ್ನುತ್ತಿದ್ದಳು ಅವಳು. ಏನೇ ಆಗಲಿ, ಅಗುಳಿಯನ್ನು ಹೊರಗಿನ ಯಾರ ಕೈಗೂ ಕೊಡಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು.

ಆಗ ಬಂದ ಉದ್ದ ಟೋಪಿಯ ವ್ಯಾಪಾರಿ. ಅವನು ಬರುವಷ್ಟರಲ್ಲಿ ಪಂಕ್ತಿ ಎದ್ದಾಗಿತ್ತು. ಮೂರು ಅಗಸಿಗೂ ಯಜಮಾನರಾಗಿದ್ದರು, ಅವನ ಸರಕಿಗೆ ದಾರಿಯಿರಲಿಲ್ಲ. ಅವನು ಜಗಳಕ್ಕೆ ಹೋಗದೆ ಒಂದು ಕಾಗದ ಬರೆದ: ಯಾವ ಬಾಗಿಲೂ ಯಾವ ವ್ಯಾಪಾರಿಗೂ ಮುಚ್ಚಬಾರದು, ಎಲ್ಲರಿಗೂ ಒಂದೇ ನಿಯಮ, ಊರನ್ನು ಯಾರೂ ಹರಿದು ಹಂಚಿಕೊಳ್ಳಬಾರದು.

ಕಾಗದ ಹಿಡಿದು ಮೂವರ ಬಳಿಗೂ ಹೋದ. ಮೊದಲನೆಯವನು ಮೀಸೆ ತಿರುವಿ, "ಉಳಿದವರು ಒಪ್ಪಿದರೆ ನನ್ನದೇನು ಅಡ್ಡಿ?" ಅಂದ. ಉಳಿದಿಬ್ಬರೂ ಅದೇ ಮಾತು ಅಂದರು. ಒಪ್ಪಿದವನು ಒಬ್ಬನೂ ಇಲ್ಲ, ಒಲ್ಲೆ ಎಂದವನೂ ಇಲ್ಲ. ಉದ್ದ ಟೋಪಿಯವನು ಮಾರನೆಯ ದಿನವೇ ಡಂಗುರ ಸಾರಿಸಿದ: ಎಲ್ಲರೂ ಒಪ್ಪಿದ್ದಾರೆ! ಭಲೇ ಚಾಲಾಕಿ! ಈಗ ಇಲ್ಲವೆಂದು ಹೇಳಿ ಕೆಟ್ಟವರಾಗಲು ಮೂವರಿಗೂ ಮನಸ್ಸು ಬರಲಿಲ್ಲ.

ದೇಸಾಯಿಯವರು ಹಿಗ್ಗಿ ಹೀರೇಕಾಯಿಯಾದರು. "ಊರು ಉಳಿಯಿತು! ಇಂಥ ಕಾಗದಕ್ಕೆ ಮರುಕಾಣಿಕೆ ಕೊಡದಿದ್ದರೆ ಹೇಗೆ? ಗಿರಿಮಲ್ಲವ್ವ, ಆ ಅಗುಳಿ ಇವರಿಗೆ ಕೊಟ್ಟುಬಿಡು. ತೆರೆದ ಬಾಗಿಲಿಗೆ ಅಗುಳಿ ಯಾಕೆ ಬೇಕು?"

ಗಿರಿಮಲ್ಲವ್ವ ಉದ್ದ ಟೋಪಿಯವನ ಕಡೆ ತಿರುಗಿದಳು. "ಊರು ನಮ್ದು. ಇದನ್ನ ಬರಿಯೂಕಿಂತ ಮೊದಲ ನಮ್ಮನ್ನ ಒಂದು ಮಾತು ಕೇಳಿದ್ರೇನ್ರಿ?"

"ಎಲ್ಲ ನಿಮ್ಮ ಒಳ್ಳೆಯದಕ್ಕೇ ಅಮ್ಮ," ಎಂದ ಅವನು. ಅವನ ಮುಖ ನೋಡಿದರೆ ಅದು ಸುಳ್ಳೆನ್ನಿಸುತ್ತಿರಲಿಲ್ಲ.

"ಛಲೋ ಆತು. ಹಂಗಾದ್ರ ನನಗೊಂದು ನಕಲು ಕೊಡ್ರಿ. ಇದನ್ನ ತೋರಿಸಿ ನಿಮ್ಮೂರ ಬಾಗಲಾ ದಾಟಿ ನಾಕು ಸೀರಿ ಮಾರಿ ಬರ್ತೀನಿ. ಬಂದ ಮ್ಯಾಲ ಅಗುಳಿ ನಾನs ನಿಮ್ಮ ಕೈಯಾಗ ಇಡ್ತೀನಿ."

ಅವನ ನಗು ಅರೆಗಳಿಗೆ ನಿಂತಿತು. ಆದರೆ ಊರೆಲ್ಲ ನೋಡುತ್ತಿತ್ತು. ನಕಲು ಕೊಡದೆ ವಿಧಿಯಿರಲಿಲ್ಲ. ಗಿರಿಮಲ್ಲವ್ವ ಅಗುಳಿಯನ್ನು ನೇಕಾರರ ಕಾವಲಿಗೆ ಒಪ್ಪಿಸಿ, ಸೀರೆಯ ಗಂಟು ಹೊತ್ತು ಹೊರಟೇಬಿಟ್ಟಳು.

ಮೂರು ತಿಂಗಳ ದಾರಿ. ಹಡಗಿನಲ್ಲಿ ಹೊಟ್ಟೆ ತೊಳಸಿತು, ನಡೆದು ಕಾಲು ಬಾತವು. ಬೇಡವೆನ್ನಿಸಿದಾಗಲೆಲ್ಲ ನೇಕಾರರ ಮುಖ ನೆನಪಿಗೆ ಬಂದು ಮತ್ತೆ ಎದ್ದಳು. ಕೊನೆಗೆ ತಲುಪಿದರೆ ಉದ್ದ ಟೋಪಿಯವನ ಊರ ಬಾಗಿಲು ಮುಚ್ಚಿತ್ತು. ಕಾವಲುಗಾರ ಕಿಂಡಿಯಿಂದ ಕಾಗದ ತೆಗೆದುಕೊಂಡು ಓದಿದ. ಓದುತ್ತ ಓದುತ್ತ ಅವನ ಕಣ್ಣು ತುಂಬಿ ಬಂದವು.

"ಎಂಥ ಮಾತು! ನಮ್ಮ ಮಕ್ಕಳು ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ."

"ಹಂಗಿದ್ರ ಬಾಗಲಾ ತೆಗಿಯಪ್ಪ."

"ಅಯ್ಯೋ, ಇದು ನಿಮ್ಮೂರ ಬಾಗಿಲಿಗೆ ಬರೆದ ಕಾಗದ ಅಮ್ಮ. ನಿಮ್ಮೂರವರನ್ನು ಒಳಗೆ ಬಿಡಬಾರದು ಅಂತ ಇಲ್ಲಿ ಬೇರೆ ಕಾಗದವಿದೆ. ಅದಾಗಿ ಹದಿನೇಳು ವರ್ಷ ಆಯಿತು." ಅವನು ಕಾಗದವನ್ನು ಭಕ್ತಿಯಿಂದ ಮಡಚಿ ಹಿಂದಕ್ಕೆ ಕೊಟ್ಟು ಕಿಂಡಿ ಮುಚ್ಚಿದ.

ಗಿರಿಮಲ್ಲವ್ವನಿಗೆ ಮೈಯೆಲ್ಲ ಉರಿಯಿತು. ಬಂದ ದಾರಿಯಲ್ಲೇ ತಿರುಗಿದಳು. ಊರು ಸೇರಿ, ಬಡಗಣ ಅಗಸಿಯನ್ನು ತಾನೇ ಎಳೆದು ಮುಚ್ಚಿ ಅಗುಳಿ ಹಾಕಿದಳು.

ಮರುದಿನ ಬೆಳಿಗ್ಗೆ ಉದ್ದ ಟೋಪಿಯವನು ಹೊರಗಿನಿಂದ ಬಾಗಿಲು ತಟ್ಟಿದ. "ನಾನು, ನಿಮ್ಮ ಮಿತ್ರ. ಮಾತು ಕೊಟ್ಟಿದ್ದಿರಿ ಅಮ್ಮ."

"ನಿಮ್ಮೂರ ಬಾಗಲಾ ದಾಟಿದ್ರ ಅಂದಿದ್ದೆ. ದಾಟಗೊಡಲಿಲ್ಲ."

"ಹಾಗಾದರೆ ಇದನ್ನು ಯಾವಾಗ ತೆರೆಯುತ್ತೀರಿ?"

"ನಮಗ ಬೇಕಾದಾಗ."

ಈ ಉತ್ತರ ಗಾಳಿಗಿಂತ ಬೇಗ ಊರ ತುಂಬ ಹಬ್ಬಿತು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ಮೂವರು ವ್ಯಾಪಾರಿಗಳೂ ಓಡಿ ಬಂದರು. ಮೂಡಣ, ತೆಂಕಣ, ಪಡುವಣ ಅಗಸಿಗಳು ಡಂಗುರ ಸಾರಿದ ದಿನದಿಂದ ಹಾರುಹೊಡೆದೇ ಇದ್ದವು. ಒಳಗೆ ಬರಲು ಅವರಲ್ಲಿ ಯಾರಿಗೂ ತಡೆಯಿರಲಿಲ್ಲ. ಆದರೂ ನಾಲ್ವರು ಒಂದೇ ತೊಲೆಗೆ ಹೆಗಲು ಕೊಟ್ಟು ಬಡಗಣ ಬಾಗಿಲನ್ನು ಗುದ್ದತೊಡಗಿದರು. ಈ ಸಲ ಉಳಿದವರು ಒಪ್ಪಿದರೇ ಎಂದು ಒಬ್ಬನೂ ಕೇಳಲಿಲ್ಲ.

ಒಳಗೆ ಗಿರಿಮಲ್ಲವ್ವ ಅಗುಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ದೇಸಾಯಿಯವರು ಏದುಸಿರು ಬಿಡುತ್ತ ಬಂದರು. "ನಾಲ್ವರೂ ಒಂದಾಗಿಬಿಟ್ಟರಲ್ಲೇ! ಈಗೇನು ಮಾಡೋದು?"

"ಅದನ್ನ ಅವರ ಕಡಿಂದ ಕಲಿಯೂದು," ಎಂದು ಗಿರಿಮಲ್ಲವ್ವ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬರ್ರಿ, ಬೆನ್ನು ಕೊಡ್ರಿ."