ಅತ್ತೆ ಬಂಡೆ

ಬೆಳಿಗ್ಗೆ ಒಂಬತ್ತಕ್ಕೆ ಜೆಟ್ಟಿಯಿಂದ ಹೊರಟು, ಎರಡು ದ್ವೀಪ ಮತ್ತು ಒಂದು ಮೀನುಪೇಟೆ ತೋರಿಸಿ ಸಂಜೆಯೊಳಗೆ ವಾಪಸ್ಸು ತಂದುಬಿಡುವ ಲಾಂಚು ಅದು. ಅದರಲ್ಲಿ ಮೈಕು ಹಿಡಿದು ದಾರಿಯುದ್ದಕ್ಕೂ ಕತೆ ಹೇಳುವವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಅವಳ ಬಾಯಿಗೆ ಬೀಗವಿಲ್ಲ ಎಂಬುದು ಹೊಗಳಿಕೆಯೋ ದೂರೋ, ಕೇಳಿದವರಿಗೇ ಬಿಟ್ಟದ್ದು.

ಮೊದಲ ದ್ವೀಪಕ್ಕೆ ಇನ್ನು ಹತ್ತು ನಿಮಿಷ ಎನ್ನುವಾಗ ನೀರಿನ ನಡುವೆ ಒಂದು ಕಪ್ಪು ಬಂಡೆ ಸಿಗುತ್ತದೆ. ಅದಕ್ಕೆ ಹೆಸರಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಕಮ್ಮನೇ ಇಟ್ಟಳು. ತಾನೂ ಸರಿಯುವುದಿಲ್ಲ, ಬೇರೆಯವರನ್ನೂ ನೆಟ್ಟಗೆ ಹೋಗಲು ಬಿಡುವುದಿಲ್ಲ, ಆದ್ದರಿಂದ ಇದು ಅತ್ತೆ ಬಂಡೆ ಎಂದಳು. ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನದಿಂದ ಲಾಂಚು ನಡೆಸುವ ಮೀಸೆಯಣ್ಣ ಬಂಡೆ ಹತ್ತಿರ ಬಂದಾಗ ವೇಗ ಇಳಿಸಿ ಎರಡು ಸಲ ಹಾರ್ನ್ ಹೊಡೆಯತೊಡಗಿದ. ಅತ್ತೆಗೆ ನಮಸ್ಕಾರವಂತೆ.

ಹೇಳಿದ್ದನ್ನೇ ಹೇಳಿದರೆ ನಗೆ ಹಳಸುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಮೈಕಮ್ಮ ಮನೆಯಿಂದಲೇ ಒಂದಿಷ್ಟು ಒಗ್ಗರಣೆ ತಂದು ಸೇರಿಸುತ್ತಿದ್ದಳು. ಅತ್ತೆ ಸಕ್ಕರೆ ಡಬ್ಬಿ ಬಚ್ಚಿಡುವುದು, ರೇಡಿಯೋದವನ ಜೊತೆ ಜಗಳ ಆಡುವುದು, ನಿದ್ದೆಯಲ್ಲೂ ಉಪದೇಶ ಮಾಡುವುದು. ಹೋದ ವರ್ಷ ಹಲ್ಲು ಸೇರಿತ್ತು.

ಹಲ್ಲಿನ ವಿಷಯ ಹೇಳಬಾರದಿತ್ತು. ಕಟ್ಟಿಸಿದ ಹಲ್ಲು ಹಾಕಿಸಿಕೊಂಡು ಬಂದ ದಿನ ಅತ್ತೆ ಸೊಸೆಯ ಕೈ ಹಿಡಿದು, ಇದು ನಮ್ಮಿಬ್ಬರಲ್ಲೇ ಇರಲಿ, ಮಗನಿಗೂ ಗೊತ್ತಾಗುವುದು ಬೇಡ, ಅಕ್ಕನಿಗಂತೂ ಬೇಡವೇ ಬೇಡ ಎಂದಿದ್ದರು. ಅತ್ತೆಯ ಅಕ್ಕನಿಗೆ ಎಪ್ಪತ್ತು ದಾಟಿದರೂ ಮೂವತ್ತೆರಡೂ ಗಟ್ಟಿ. ಅದನ್ನೇ ಕಂಡಕಂಡಲ್ಲಿ ಡಂಗುರ ಹೊಡೆಯುವ ಹೆಂಗಸು.

ಅಷ್ಟಕ್ಕೂ ಲಾಂಚಿನ ಆ ಕೆಲಸ ಕೊಡಿಸಿದವರೇ ಅತ್ತೆ. ನೀರಿನ ಮೇಲೆ ನಿಂತು ಕಿರುಚುವ ಕೆಲಸ ನಮ್ಮ ಮನೆ ಹೆಂಗಸಿಗೆ ಬೇಡ ಎಂದು ಮಗ ಮುಖ ಊದಿಸಿಕೊಂಡಾಗ, ನಿನಗೆ ಮಾತು ಬರಲ್ಲ ಅಂತ ಅವಳೂ ಮೂಗಿ ಆಗಬೇಕಾ ಎಂದು ಬಾಯಿ ಮುಚ್ಚಿಸಿದ್ದರು. ತಿಂಗಳುಗಟ್ಟಲೆ ಸೊಸೆ ಅಡುಗೆಮನೆಯಲ್ಲಿ ಸೌಟನ್ನೇ ಮೈಕು ಮಾಡಿಕೊಂಡು ಪಾಠ ಒಪ್ಪಿಸುತ್ತಿದ್ದರೆ, ಅತ್ತೆ ಹೊರಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತು ಕೇಳುತ್ತಿದ್ದರು.

"ಕೊನೆ ಬೆಂಚಿಗೂ ಕೇಳಬೇಕು ಕಣೆ. ಮುಂದೆ ಕೂತವರಿಗೆ ಯಾರು ಬೇಕಾದ್ರೂ ಹೇಳ್ತಾರೆ."

ಎಂಟು ವರ್ಷ ಕರೆದರೂ ಮಂಡಿನೋವು ಎಂದು ಲಾಂಚು ಹತ್ತದ ಅತ್ತೆ, ಒಂದು ಭಾನುವಾರ ಹೇಳದೆ ಕೇಳದೆ ಜೆಟ್ಟಿಗೆ ಬಂದಿಳಿದರು. ಜೊತೆಗೆ ಅಕ್ಕ. ಸೊಸೆಯನ್ನು ತೋರಿಸಬೇಕೆಂಬ ಉಮೇದು. ಮುಂದಿನ ಸೀಟು ಬಿಡಿಸಿಕೊಟ್ಟರೂ ಅತ್ತೆ ಒಪ್ಪಲಿಲ್ಲ. ಕೊನೆಯ ಬೆಂಚಿನಲ್ಲೇ ಕೂರುತ್ತೇನೆ, ಪರೀಕ್ಷೆ ಮಾಡಬೇಕು ಎಂದು ನಗುತ್ತ ಹಿಂದೆ ಹೋದರು. ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ ನಮ್ಮ ಸೊಸೆ, ನಮ್ಮ ಸೊಸೆ.

ಇವತ್ತು ಬಂಡೆಯ ತಂಟೆಗೇ ಹೋಗಬಾರದು ಎಂದು ಮೈಕಮ್ಮ ನಿರ್ಧರಿಸಿದಳು. ದೀಪಸ್ತಂಭದ ಕತೆಯನ್ನು ರಬ್ಬರಿನಂತೆ ಎಳೆದಳು. ಆದರೆ ಮೀಸೆಯಣ್ಣನ ಕೈಗೆ ಎಂಟು ವರ್ಷದ ರೂಢಿ. ವೇಗ ಇಳಿಯಿತು, ಹಾರ್ನ್ ಎರಡು ಸಲ ಕೂಗಿತು. ಹೋದ ವರ್ಷ ಬಂದಿದ್ದ ಒಂದು ಕುಟುಂಬ, ಅತ್ತೆ ಬಂಡೆ ಜೋಕು ಹೇಳಿ ಎಂದು ಗಲಾಟೆ ಎಬ್ಬಿಸಿತು. ಗಂಟಲು ಸರಿಯಿಲ್ಲ ಎಂದಳು. ಯಾರೂ ಬಿಡಲಿಲ್ಲ. ಐವತ್ತು ಮುಖಗಳು ನಗಲು ತಯಾರಾಗಿ ಅವಳ ಕಡೆ ತಿರುಗಿದ್ದವು.

ಆಗಲೂ ಇಲ್ಲ ಎನ್ನಬಹುದಿತ್ತು. ಯಾರೂ ಅವಳ ಕುತ್ತಿಗೆ ಹಿಡಿದಿರಲಿಲ್ಲ. ಆದರೆ ಅವಳಿಗೆ ಆ ನಗು ಬೇಕಿತ್ತು. ಗಾಳಿ ಜೋರಾಗಿದೆ, ಇಂಜಿನ್ನು ಹಿಂದೆಯೇ ಇದೆ, ಅತ್ತೆಗೆ ಈಚೆಗೆ ಒಂದು ಕಿವಿ ಬೇರೆ ಮಂದ, ಅಲ್ಲಿಗೆ ಏನೂ ಕೇಳಿಸಲಿಕ್ಕಿಲ್ಲ ಎಂದು ಮನಸ್ಸಿಗೆ ತಾನೇ ಸುಳ್ಳು ಹೇಳಿಕೊಂಡಳು. ಹೇಳಿಬಿಟ್ಟಳು. ಸಕ್ಕರೆ ಡಬ್ಬಿ ಬಂತು, ರೇಡಿಯೋ ಬಂತು. ಹಲ್ಲನ್ನು ಬಿಟ್ಟುಬಿಡೋಣ ಎಂದುಕೊಳ್ಳುವಷ್ಟರಲ್ಲಿ ನಾಲಿಗೆ ಅಲ್ಲಿಗೆ ತಲುಪಿಯಾಗಿತ್ತು.

"ರಾತ್ರಿ ನಮ್ಮತ್ತೆ ಹಲ್ಲು ಬಿಚ್ಚಿ ಲೋಟದಲ್ಲಿ ಇಡ್ತಾರೆ. ನಾಲಿಗೆ ಮಾತ್ರ ಬಿಚ್ಚೋಕೆ ಬರಲ್ಲ ನೋಡಿ."

ಲಾಂಚು ಅಲ್ಲಾಡುವಂತೆ ನಕ್ಕರು. ಕೊನೆಯ ಬೆಂಚಿನಲ್ಲಿ ಅಕ್ಕನೂ ಎಲ್ಲರಿಗಿಂತ ಜೋರಾಗಿ, ಮೂವತ್ತೆರಡೂ ಕಾಣುವಂತೆ ನಕ್ಕಳು. ಆಮೇಲೆ ಅವಳ ನಗು ನಿಧಾನವಾಗಿ ನಿಂತಿತು. ಮೈಕು ಹಿಡಿದವಳು ಯಾರ ಸೊಸೆ ಎಂಬುದು ಆಗ ನೆನಪಾಗಿರಬೇಕು. ಅವಳು ಪಕ್ಕಕ್ಕೆ ತಿರುಗಿ ತಂಗಿಯ ಬಾಯಿಯನ್ನೇ ನೋಡಿದಳು. ಅತ್ತೆ ಕೈಯೆತ್ತಿ ಬಾಯಿ ಮುಚ್ಚಿಕೊಂಡರು.

ನೆಲ ಬಿರಿದರೆ ಇಳಿದುಹೋಗೋಣ ಎನ್ನಲು ಮೈಕಮ್ಮನ ಕಾಲ ಕೆಳಗೆ ನೆಲವೂ ಇರಲಿಲ್ಲ.

ಇಡೀ ದಿನ ಅತ್ತೆ ಆ ಕೈ ಇಳಿಸಲಿಲ್ಲ. ದ್ವೀಪದಲ್ಲಿ ಎಲ್ಲರೂ ಮರದ ಕೆಳಗೆ ಕೂತು ತಿಂದರು. ಅತ್ತೆ ಹಸಿವಿಲ್ಲ ಎಂದು, ಮನೆಯಿಂದ ತಂದಿದ್ದ ಸೇಬನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಕಟಕಟನೆ ಕಚ್ಚಿ ತಿಂದಳು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು. ಮೀನುಪೇಟೆಯಲ್ಲಿ ಮೈಕಮ್ಮ ಮೂರು ಸಲ ಹತ್ತಿರ ಹೋಗಿ ಕ್ಷಮಿಸಿ ಎನ್ನಲು ನೋಡಿದಳು. ಎಂಟು ವರ್ಷದಿಂದ ನಿಲ್ಲದ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ವಾಪಸ್ಸು ಬರುವಾಗ ಮೀಸೆಯಣ್ಣನ ಪಕ್ಕದಲ್ಲೇ ನಿಂತು ಹಾರ್ನ್ ಹೊಡೆಯದಂತೆ ನೋಡಿಕೊಂಡಳು. ಬಂಡೆ ಸುಮ್ಮನೆ ಹಿಂದೆ ಸರಿಯಿತು. ಅತ್ತೆ ಅದನ್ನು ಮರೆಯಾಗುವವರೆಗೂ ನೋಡಿದರು.

ಜೆಟ್ಟಿಯಲ್ಲಿ ಅಕ್ಕ ಮುಂದೆ ನಡೆದಳು. ಮಂಡಿನೋವಿನ ಅತ್ತೆಯನ್ನು ಇಳಿಸಿಕೊಳ್ಳಲು ಮೈಕಮ್ಮ ಕೈ ಕೊಟ್ಟಳು. ಕ್ಷಮೆ ಕೇಳಬೇಕಾದ ಆ ಗಳಿಗೆಯಲ್ಲೂ ಅವಳು ಹುಡುಕಿದ್ದು ತಪ್ಪಿಸಿಕೊಳ್ಳುವ ದಾರಿಯನ್ನೇ.

"ಇವತ್ತು ಗಾಳಿ ಜಾಸ್ತಿ ಇತ್ತು ಅತ್ತೆ. ನಾನು ಹೇಳಿದ್ದು ಹಿಂದಕ್ಕೆ ಸರಿಯಾಗಿ ಕೇಳಿಸ್ತೋ ಇಲ್ವೋ."

ಅತ್ತೆ ಅವಳ ಕೈ ಹಿಡಿದೇ ಇಳಿದರು. ಇನ್ನೊಂದು ಕೈ ಬಾಯಿಯ ಮೇಲೆ ಹಾಗೇ ಇತ್ತು.

"ಕೇಳಿಸ್ತು ಕಣೆ," ಎಂದರು. "ಕೊನೆ ಬೆಂಚಿಗೂ ಚೆನ್ನಾಗಿ ಕೇಳಿಸ್ತು."