ಮೇಲಿನ ಬೋಲ್ಟು

ಇದನ್ನು ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಹಗಲು ದುಡಿದು, ಸಂಜೆ ತರಗತಿಯಲ್ಲಿ ಓದಿ ಮೆಕ್ಯಾನಿಕ್ ಪರೀಕ್ಷೆ ಪಾಸು ಮಾಡಿದೆ, ಅದೂ ಎರಡನೇ ಸಲಕ್ಕೆ. ಒಂದು ಪಿಕಪ್ ಗಾಡಿಯ ಹಿಂದಿನ ಡಿಫರೆನ್ಶಿಯಲ್‌ಗೆ ಎಣ್ಣೆ ಬದಲಿಸಿದ್ದು ಕತೆಯಾಗುವಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಆದರೆ ಹೇಳಬೇಕಾದಾಗ ಹೇಳದೆ ಉಳಿದದ್ದರಿಂದಲೇ ಇಷ್ಟೆಲ್ಲ ಆಯಿತು.

ಗ್ಯಾರೇಜು ನನ್ನ ಅಕ್ಕನ ಗಂಡನದು. ಭಾವ ಶಾಲೆಗೆ ಹೋದದ್ದು ಕಡಿಮೆ. ಆದರೆ ಗಾಡಿ ಗೇಟು ದಾಟುವಷ್ಟರಲ್ಲಿ ಸದ್ದು ಕೇಳಿಯೇ ಅದಕ್ಕೆ ಎಲ್ಲಿ ನೋವೆಂದು ಹೇಳಿಬಿಡುತ್ತಾರೆ. ನಾನೋ, ಪುಸ್ತಕ ನೋಡದೆ ಚಕ್ರದ ನಟ್ಟನ್ನೂ ಬಿಗಿಯುವವನಲ್ಲ. ಅದಕ್ಕೇ ಅಲ್ಲಿ ನನ್ನ ಹೆಸರು ‘ಮೇಷ್ಟ್ರು’. “ಮೇಷ್ಟ್ರೇ, ಪುಸ್ತಕ ಮುಚ್ಚು, ಗಾಡಿ ಬಿಚ್ಚು” ಎಂದು ಭಾವ ದಿನಕ್ಕೊಮ್ಮೆಯಾದರೂ ಚುಚ್ಚುತ್ತಾರೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪಿಕಪ್‌ನ ಹಿಂದಿನ ಚಕ್ರಗಳ ನಡುವೆ, ಗಾಡಿಯ ಹೊಟ್ಟೆಯಡಿ, ಕುಂಬಳಕಾಯಿ ಗಾತ್ರದ ಕಬ್ಬಿಣದ ಬುರುಡೆ ಇರುತ್ತದೆ. ಅದೇ ಡಿಫರೆನ್ಶಿಯಲ್. ಅದರೊಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತವೆ. ಬುರುಡೆಗೆ ಎರಡು ಬೋಲ್ಟು. ಕೆಳಗಿನದನ್ನು ಬಿಚ್ಚಿದರೆ ಹಳೆಯ ಎಣ್ಣೆ ಬಸಿಯುತ್ತದೆ. ಮೇಲಿನದನ್ನು ಬಿಚ್ಚಿ ಆ ತೂತಿನಿಂದ ಹೊಸದನ್ನು ತುಂಬಬೇಕು. ತೂತಿನೊಳಗೆ ಬೆರಳಿಟ್ಟಾಗ ಎಣ್ಣೆ ತಾಗಿದರೆ ತುಂಬಿತೆಂದು ಲೆಕ್ಕ. ಭಾವನ ನಿಯಮ ಒಂದೇ: “ಮೇಲಿನದು ಬರುತ್ತೆ ಅಂತ ಖಾತ್ರಿ ಆಗೋವರೆಗೂ ಕೆಳಗಿನದಕ್ಕೆ ಕೈ ಹಾಕ್ಬೇಡ. ಬಸಿದಾದ್ಮೇಲೆ ಮೇಲಿನದು ಹಟ ಹಿಡೀತು ಅಂದ್ರೆ, ಗಾಡಿ ಮುಂದೂ ಇಲ್ಲ ಹಿಂದೂ ಇಲ್ಲ.” ಇದನ್ನು ನಾನು ನೋಟ್‌ಪುಸ್ತಕದಲ್ಲಿ ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಗಾಡಿ ಗಿಡದಮ್ಮನದು. ಊರಾಚೆ ಸಸಿ ಬೆಳೆಸಿ, ತಾನೇ ಪಿಕಪ್ ಓಡಿಸಿಕೊಂಡು ಹೋಗಿ ಮಾರುವ ಹೆಂಗಸು. ಆ ಬೆಳಿಗ್ಗೆ ಭಾವ ಬಿಡಿಭಾಗ ತರಲು ಹೋಗಿದ್ದರು. “ಗಿಡದಮ್ಮನ ಗಾಡಿ ನೀನೇ ನೋಡ್ಕೋ” ಎಂದು ಹೇಳಿ ಹೋಗಿದ್ದರು. ಬುರುಡೆಯ ಎಣ್ಣೆ ಬದಲಿಸುವ ಕೆಲಸವನ್ನು ನನ್ನೊಬ್ಬನಿಗೇ ಬಿಟ್ಟದ್ದು ಅದೇ ಮೊದಲು. ಹಿಗ್ಗಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗಿಡದಮ್ಮ ಸ್ಟೂಲಿನ ಮೇಲೆ ಕೂತಿದ್ದರು. “ತಮ್ಮಾ, ಬೇಗ ಆಗುತ್ತಾ? ಇಲ್ಲ ಪುಸ್ತಕ ಓದಿ ಮುಗಿಸೋವರೆಗೂ ಕಾಯ್ಬೇಕಾ?”

“ಪುಸ್ತಕ ಬೇಡಮ್ಮ. ಇದೆಲ್ಲ ಬಾಯಿಪಾಠ” ಎಂದೆ.

ಆ ಮಾತಿನ ಅಮಲಿನಲ್ಲೇ ಗಾಡಿಯಡಿ ನುಸುಳಿ ಕೆಳಗಿನ ಬೋಲ್ಟಿಗೆ ಕೈ ಹಾಕಿದೆ. ಕಪ್ಪು ಎಣ್ಣೆ ತಟ್ಟೆಗೆ ಧಾರೆಯಾಗಿ ಬಿತ್ತು. ಕೊನೆಯ ಹನಿಯವರೆಗೂ ಕಾದು, ಬೋಲ್ಟನ್ನು ಒರೆಸಿ, ಮತ್ತೆ ಬಿಗಿದೆ. ಆಮೇಲೆ ಮೇಲಿನದರ ಗುಳಿಗೆ ಬೋಲ್ಟು ಬಿಚ್ಚುವ ಚೌಕ ತುದಿಯ ಕೀಲಿ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಕೀಲಿಗೆ ಪೈಪು ತೊಡಿಸಿ ಮೈಭಾರವನ್ನೆಲ್ಲ ಹಾಕಿದೆ. ಕರಕ್ ಎಂದಿತು. ಬೋಲ್ಟು ಬಂತೆಂದು ಒಂದು ಕ್ಷಣ ಖುಷಿಯಾಯಿತು. ಬಂದಿರಲಿಲ್ಲ. ಕೀಲಿ ಕೂರುವ ಅದರ ಚೌಕಾಕಾರದ ಗುಳಿ ಸವೆದು ಗುಂಡಗಾಗಿತ್ತು.

ಹೊರಗೆ ಬಂದು ನಿಜ ಹೇಳಿದ್ದರೆ ಒಂದು ದಿನದ ಕೆಲಸ ಕೆಡುತ್ತಿತ್ತು, ಅಷ್ಟೆ. ಭಾವ ಬಂದು ಸವೆದ ಬೋಲ್ಟಿಗೆ ಒಂದು ನಟ್ಟು ವೆಲ್ಡಿಂಗ್ ಮಾಡಿ, ಅದನ್ನು ಹಿಡಿದು ತೆಗೆಯುತ್ತಿದ್ದರು. ನಾಲ್ಕು ಮಾತು ಬಯ್ಯುತ್ತಿದ್ದರು. ನಾನು ಹೊರಗೆ ಬರಲಿಲ್ಲ. ಬುರುಡೆಯ ನೆತ್ತಿಯ ಬಳಿ ಬಿಸಿಗಾಳಿ ಹೋಗಲೆಂದು ಒಂದು ಸಣ್ಣ ರಂಧ್ರವಿರುತ್ತದೆ. ಅದರ ಮುಚ್ಚಳ ಕಿತ್ತು, ಕೈಪಂಪಿನ ಕೊಳವೆ ತೂರಿಸಿ, ಹೊಸ ಎಣ್ಣೆಯನ್ನು ಅಲ್ಲಿಂದಲೇ ಒತ್ತಿದೆ. ಗಟ್ಟಿ ಎಣ್ಣೆ, ಇಕ್ಕಟ್ಟಿನ ದಾರಿ. ಒಂದಷ್ಟು ಒಳಗೆ ಹೋಯಿತು. ಒಂದಷ್ಟು ಉಕ್ಕಿ ನನ್ನ ತೋಳಿನ ಮೇಲೆ ಹರಿದು, ಹಳೆಯ ಎಣ್ಣೆಯ ತಟ್ಟೆಗೇ ಬಿತ್ತು. ಡಬ್ಬ ಖಾಲಿಯಾಯಿತು. ಒಳಗೆ ಎಷ್ಟು ಸೇರಿತು ಎಂದು ನೋಡಲು ಇದ್ದ ತೂತು ಒಂದೇ. ಅದರ ಬೋಲ್ಟೇ ಬಿಚ್ಚುವಂತಿರಲಿಲ್ಲ.

ಭಾವ ಬಂದಾಗ ನಾನು ಕೈ ತೊಳೆಯುತ್ತಿದ್ದೆ.

“ಆಯ್ತಾ ಮೇಷ್ಟ್ರೇ?”

“ಆಯ್ತು ಭಾವ.”

“ಬೆರಳಿಟ್ಟು ನೋಡಿದ್ಯಾ?”

“ನೋಡ್ದೆ.”

“ತಾಗ್ತಾ?”

“ತಾಗ್ತು.”

“ನೋಡಿದ್ರಾ ಅಮ್ಮ, ನಮ್ಮ ಮೇಷ್ಟ್ರು ಪಾಸು!” ಎಂದು ಭಾವ ನನ್ನ ಬೆನ್ನು ತಟ್ಟಿದರು. ಆ ಏಟು ಇನ್ನೂ ಬೆನ್ನಿನ ಮೇಲಿದೆ.

ಒಂಬತ್ತು ದಿನ ಕಳೆಯಿತು. ರಸ್ತೆಯಲ್ಲಿ ಯಾವ ಪಿಕಪ್ ಹೋದರೂ ಕಿವಿ ನಿಮಿರುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು ಪಂಪನ್ನು ಎಷ್ಟು ಸಲ ಒತ್ತಿದೆನೆಂದು ಎಣಿಸುತ್ತಿದ್ದೆ. “ಏನೋ, ತುಟಿ ಅಲ್ಲಾಡಿಸ್ತಾ ಇದ್ದೀಯ? ಮತ್ತೆ ಪರೀಕ್ಷೆನಾ?” ಎಂದು ಅಕ್ಕ ಕೇಳಿದಳು. ದಿನಾ ಬೆಳಿಗ್ಗೆ ‘ಇವತ್ತು ಹೇಳುತ್ತೇನೆ’ ಎಂದುಕೊಂಡೇ ಗ್ಯಾರೇಜಿಗೆ ಹೋಗುತ್ತಿದ್ದೆ.

ಹತ್ತನೇ ದಿನ ಮಧ್ಯಾಹ್ನ ಗಿಡದಮ್ಮನ ಗಾಡಿಯನ್ನು ಇನ್ನೊಂದು ಗಾಡಿ ಹಿಂಬದಿ ಎತ್ತಿ ಎಳೆದು ತಂದಿತು. ಗುಡ್ಡದ ಏರಿನ ಅರ್ಧದಲ್ಲಿ ಹಿಂದಿನಿಂದ ಊಳಿಡುವ ಸದ್ದು ಬಂದು, ಚಕ್ರ ಕಚ್ಚಿಕೊಂಡು ನಿಂತಿತ್ತಂತೆ. ಗಾಡಿಯಲ್ಲಿದ್ದ ಸಸಿಗಳೆಲ್ಲ ಮೂರು ತಾಸು ಬಿಸಿಲಿನಲ್ಲಿ ಬೆಂದಿದ್ದವು. ಒಂದು ಶಾಲೆಯವರು ಹೇಳಿ ಬೆಳೆಸಿಕೊಂಡ ಸಸಿಗಳು. ಗಿಡದಮ್ಮ ಬಯ್ಯಲಿಲ್ಲ. ಒಂದೊಂದೇ ಕುಂಡಕ್ಕೆ ನಮ್ಮ ನಲ್ಲಿಯ ನೀರು ಹಾಕುತ್ತಾ ನಿಂತರು. ಎಲೆಗಳು ಏಳಲಿಲ್ಲ.

ಭಾವ ಬುರುಡೆ ಬಿಚ್ಚಿದರು. ಒಳಗೆ ಹಲ್ಲುಗಳು ಸುಟ್ಟು ನೀಲಿಗಟ್ಟಿದ್ದವು. ತಳದಲ್ಲಿ ಇದ್ದದ್ದು ಮಸಿಯಂಥ ಒಂದು ಚಮಚ ಎಣ್ಣೆ. ಎಡ ಚಕ್ರದ ಒಳಮೈಯಲ್ಲೂ ಎಣ್ಣೆಯ ಜಿಡ್ಡು ಕಂಡಿತು. ಎಣ್ಣೆ ಸೋರದಂತೆ ತಡೆಯುವ ಆ ಬದಿಯ ಸೀಲನ್ನು ಹಿಂದಿನ ತಿಂಗಳು ಭಾವನೇ ಹಾಕಿದ್ದರು.

ಭಾವ ಗಾಡಿಯಡಿಯಿಂದ ಎದ್ದು ಬಂದರು. ನನ್ನ ಮುಖ ನೋಡಿದರು. ಬಟ್ಟೆಗೆ ಕೈ ಒರೆಸಿಕೊಂಡರು, ಬಹಳ ಹೊತ್ತು. ನಾನು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದೆ. ಅವು ಮೊದಲೇ ಸಾಲಾಗಿದ್ದವು.

ಆಮೇಲೆ ಭಾವ ಗಿಡದಮ್ಮನ ಮುಂದೆ ಹೋಗಿ ಕೈ ಮುಗಿದರು. “ತಪ್ಪು ನಮ್ಮದಮ್ಮ. ನಾನು ಹಾಕಿದ ಸೀಲು ಸೋರಿದೆ ಅನ್ಸುತ್ತೆ. ಗಾಡಿ ನಾನು ಸರಿ ಮಾಡಿ ಕೊಡ್ತೀನಿ.”

“ನಿಮ್ಮ ಕೈಯಲ್ಲೂ ಹೀಗಾಗುತ್ತಾ ಮೇಸ್ತ್ರಿ?” ಎಂದರು ಗಿಡದಮ್ಮ. ಅದು ಕೊಂಕಲ್ಲ, ನಿಜವಾದ ಬೇಸರ. ಅದಕ್ಕೇ ಭಾವ ತಲೆ ತಗ್ಗಿಸಿದರು. ಅವರು ಯಾರೆದುರೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ನನಗೂ ಅವರಿಗೂ ನಾಲ್ಕು ಹೆಜ್ಜೆ ದೂರವಿತ್ತು. ನಾನು ಹೋಗಲಿಲ್ಲ.

ಗಿಡದಮ್ಮ ಹೋದ ಮೇಲೆ ನನಗೆ ಬಾಯಿ ಬಂತು. ಬೋಲ್ಟು, ಪೈಪು, ಗಾಳಿಯ ರಂಧ್ರ, ಬೆರಳಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಭಾವ ತಡೆಯದೆ ಕೇಳಿದರು.

“ಆ ಬೋಲ್ಟಿನ ಬಾಯಿ ನೋಡಿದಾಗ್ಲೇ ಗೊತ್ತಾಯ್ತು ನಂಗೆ” ಎಂದರು.

“ಮತ್ತೆ... ಸೀಲು ಅಂತ ಯಾಕೆ ಹೇಳಿದ್ರಿ?”

“ಸೀಲೂ ಇರ್ಬಹುದು. ಸುಳ್ಳೇನಲ್ಲ.” ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕೆಸೆದು, “ನೀನು ಮುಂದೆ ಬರ್ತೀಯೇನೋ ಅಂತ ಕೈ ಒರೆಸ್ಕೊಂಡು ಕಾದೆ. ಬಟ್ಟೆ ಹರಿಯೋವಷ್ಟು ಒರೆಸ್ದೆ ಕಣೋ” ಎಂದರು. ಮೇಷ್ಟ್ರು ಎನ್ನಲಿಲ್ಲ.

ಮಾರನೇ ದಿನ ನಾನೊಬ್ಬನೇ ಗಿಡದಮ್ಮನಲ್ಲಿಗೆ ನಡೆದೆ. ಅವರು ಬಾಡಿದ ಸಸಿಗಳನ್ನು ಕಿತ್ತು, ಕುಂಡದ ಮಣ್ಣನ್ನು ಒಂದು ಕಡೆ ರಾಶಿ ಹಾಕುತ್ತಿದ್ದರು. ನಿಂತುಕೊಂಡೇ ಹೇಳಿದೆ. ಭಾವನ ಕೈ ತಪ್ಪಿಲ್ಲ, ತಪ್ಪಿದ್ದು ನನ್ನದು ಎಂದೆ.

“ಅವತ್ತೇ ಹೇಳಿದ್ರೆ ನಾನು ಗುಡ್ಡ ಹತ್ತುತ್ತಿರಲಿಲ್ಲವಲ್ಲ ತಮ್ಮಾ” ಎಂದರು.

ಅವರು ಒಂದು ಖಾಲಿ ಬುಟ್ಟಿಯನ್ನು ನನ್ನ ಕಡೆ ಕಾಲಿನಿಂದ ತಳ್ಳಿದರು. ಸಂಜೆಯವರೆಗೂ ಮಣ್ಣು ಹೊತ್ತೆ. ಅವರು ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಈಗಲೂ ಗ್ಯಾರೇಜಿಗೆ ಬರುತ್ತಾರೆ. ಭಾವ ಇದ್ದರೆ ಮಾತ್ರ ಗಾಡಿ ಒಳಗೆ ತರುತ್ತಾರೆ.

ಆ ಸೀಲು ಮೊದಲೇ ಸೋರುತ್ತಿತ್ತೋ, ಬುರುಡೆ ಕಾದ ಮೇಲೆ ಸುಟ್ಟು ಸೋರಿತೋ, ಭಾವನಿಗೂ ಹೇಳಲಾಗಲಿಲ್ಲ. ನಾನು ಅವತ್ತು ಎಷ್ಟು ಎಣ್ಣೆ ತುಂಬಿದ್ದೆ, ಅದು ಸಾಕಾಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.